ಗ್ರಾಂ ಲೆಕ್ಕ ಬಂದ ಕೂಡಲೇ ಉತ್ತರ ತಪ್ಪುತ್ತದೆ, ಎಲ್ಲಿ ಎಡವುತ್ತಿದ್ದೇನೆ?

ನಿಮ್ಮ ಪ್ರಶ್ನೆಯನ್ನು ಒಮ್ಮೆ ನನ್ನ ಮಾತಲ್ಲಿ ಹೇಳಿಬಿಡುತ್ತೇನೆ. ಸಮೀಕರಣ ಸರಿದೂಗಿಸೋದು ನಿಮಗೆ ಬರುತ್ತದೆ. ಮೋಲ್ ಅಂದರೆ ಏನು ಅಂತಲೂ ಓದಿದ್ದೀರಿ. ಆದರೆ 56 ಗ್ರಾಂ ನೈಟ್ರೋಜನ್ ಮತ್ತು 9 ಗ್ರಾಂ ಹೈಡ್ರೋಜನ್ ಸೇರಿದರೆ ಎಷ್ಟು ಅಮೋನಿಯಾ ಆಗುತ್ತದೆ ಅಂತ ಕೇಳಿದ್ದಕ್ಕೆ ನಿಮಗೆ 6 ಗ್ರಾಂ ಬಂತು. ಪುಸ್ತಕದ ಹಿಂದೆ 51 ಗ್ರಾಂ ಅಂತ ಇದೆ. ನೀವು ಯೋಚಿಸಿದ್ದು ಹೀಗೆ: "ಒಂದು ನೈಟ್ರೋಜನ್‌ಗೆ ಮೂರು ಹೈಡ್ರೋಜನ್ ಬೇಕು. ಹಾಗಾದರೆ 9 ಗ್ರಾಂ ಹೈಡ್ರೋಜನ್‌ಗೆ 3 ಗ್ರಾಂ ನೈಟ್ರೋಜನ್ ಸಾಕು. ಬರೋದು ಎರಡು ಅಮೋನಿಯಾ, ಅಂದರೆ 6 ಗ್ರಾಂ."

ಮೋಲ್, ಸೂತ್ರ ಎಲ್ಲ ಆಮೇಲೆ. ಮೊದಲು ನಿಮ್ಮ ಉತ್ತರವನ್ನೇ ತಾಳೆ ನೋಡಿ. ನಿಮ್ಮ ಲೆಕ್ಕದಲ್ಲಿ ಒಳಗೆ ಹೋದದ್ದು 9 ಮತ್ತು 3, ಒಟ್ಟು 12 ಗ್ರಾಂ. ಹೊರಗೆ ಬಂದದ್ದು 6 ಗ್ರಾಂ. ಉಳಿದ 6 ಗ್ರಾಂ ಎಲ್ಲಿ ಹೋಯಿತು? ಅಮೋನಿಯಾ ಬಿಟ್ಟು ಬೇರೆ ಏನೂ ಹುಟ್ಟದ ಕ್ರಿಯೆ ಇದು. ಕ್ರಿಯೆಗೆ ಮುಂಚೆ ಎಷ್ಟು ತೂಕ ಇತ್ತೋ ಆಮೇಲೂ ಅಷ್ಟೇ ಇರಬೇಕು ಅಂತ ಫ್ರೆಂಚ್ ರಸಾಯನಶಾಸ್ತ್ರಜ್ಞ ಲಾವೋಸಿಯೇ 1789ರಲ್ಲೇ ಬರೆದಿಟ್ಟಿದ್ದಾನೆ. ನೀವು ಉತ್ತರದ ಪಟ್ಟಿ ನೋಡುವ ಮೊದಲೇ ಈ ಒಂದು ಕೂಡುವ ಲೆಕ್ಕ ಮಾಡಿದ್ದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ ತಪ್ಪು ಎಲ್ಲಿ ಅಂತ ನೋಡೋಣ. ಸಮೀಕರಣದಲ್ಲಿರುವ 1, 3, 2 ಎಂಬ ಅಂಕಿಗಳು ಎಣಿಕೆ. ಒಂದು ನೈಟ್ರೋಜನ್ ಅಣು, ಮೂರು ಹೈಡ್ರೋಜನ್ ಅಣು, ಎರಡು ಅಮೋನಿಯಾ ಅಣು. ಅವಕ್ಕೆ ತೂಕದ ವಿಷಯವೇ ಗೊತ್ತಿಲ್ಲ. ನೀವು ಎಣಿಕೆಯ ಅಂಕಿಯನ್ನು ತೆಗೆದುಕೊಂಡು ನೇರವಾಗಿ ಗ್ರಾಂಗೆ ಹಚ್ಚಿದಿರಿ, ಅಷ್ಟೇ.

ಒಂದು ಬೋಲ್ಟ್‌ಗೆ ಮೂರು ನಟ್ ಹಾಕಬೇಕು ಅಂತಿಟ್ಟುಕೊಳ್ಳಿ. ಬೋಲ್ಟ್ ಒಂದಕ್ಕೆ 28 ಗ್ರಾಂ ತೂಕ, ನಟ್ ಒಂದಕ್ಕೆ ಬರೀ 2 ಗ್ರಾಂ. 28 ಗ್ರಾಂ ಬೋಲ್ಟ್‌ಗೆ ಎಷ್ಟು ಗ್ರಾಂ ನಟ್ ಬೇಕು? 6 ಗ್ರಾಂ. "ಮೂರು ಪಟ್ಟು" ಅಂತ 84 ಗ್ರಾಂ ನಟ್ ತಂದು ಸುರಿದರೆ 39 ನಟ್ ಸುಮ್ನೆ ಉಳಿಯುತ್ತವೆ. ಅಂದಹಾಗೆ ಆ 28 ಮತ್ತು 2 ನಾನು ಕಣ್ಣು ಮುಚ್ಚಿ ಆರಿಸಿದ ಅಂಕಿಗಳಲ್ಲ. ನೈಟ್ರೋಜನ್ ಅಣುವಿನ ತೂಕ 28, ಹೈಡ್ರೋಜನ್ ಅಣುವಿನ ತೂಕ 2.

ಅಣುಗಳನ್ನು ಬೋಲ್ಟ್ ಥರ ಕೈಯಲ್ಲಿ ಎಣಿಸೋಕೆ ಆಗಲ್ಲ, ಅದಕ್ಕೇ ತೂಕ ಹಾಕಿ ಎಣಿಸುತ್ತೇವೆ. ಮೋಲ್ ಅನ್ನೋದು ಅದಕ್ಕಾಗಿ ಮಾಡಿಕೊಂಡ ಒಂದು ಕಟ್ಟು. ಒಂದು ಕಟ್ಟಿನಲ್ಲಿ 6.022 × 10ರ 23ನೇ ಘಾತದಷ್ಟು ಕಣಗಳು. 2019ರ ಮೇ 20ರಿಂದ ಈ ಸಂಖ್ಯೆಯನ್ನೇ ಖಾಯಂ ಮಾಡಿಬಿಟ್ಟಿದ್ದಾರೆ. ಮೊದಲು 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇರುತ್ತವೋ ಅಷ್ಟು ಅಂತ ಹೇಳುತ್ತಿದ್ದರು. ಲೆಕ್ಕ ಮಾಡುವಾಗ ಈ ದೊಡ್ಡ ಸಂಖ್ಯೆ ನಿಮಗೆ ಬೇಕಾಗೋದೇ ಇಲ್ಲ. 28 ಗ್ರಾಂ ನೈಟ್ರೋಜನ್ ಅಂದರೆ ಒಂದು ಕಟ್ಟು, 2 ಗ್ರಾಂ ಹೈಡ್ರೋಜನ್ ಅಂದರೆ ಒಂದು ಕಟ್ಟು, 17 ಗ್ರಾಂ ಅಮೋನಿಯಾ ಅಂದರೆ ಒಂದು ಕಟ್ಟು. ಇಷ್ಟು ಸಾಕು.

ಈಗ ನಿಮ್ಮದೇ ಲೆಕ್ಕ. ಒಂದು ಹಾಳೆ ತಗೊಂಡು ಸಮೀಕರಣವನ್ನು ಅಗಲವಾಗಿ, ಜಾಗ ಬಿಟ್ಟು ಬರೆಯಿರಿ:

1 ನೈಟ್ರೋಜನ್ + 3 ಹೈಡ್ರೋಜನ್ → 2 ಅಮೋನಿಯಾ

ಪ್ರತಿ ಹೆಸರಿನ ಕೆಳಗೆ ಅದರ ಕಟ್ಟುಗಳನ್ನು ಬರೆಯಿರಿ. ನೈಟ್ರೋಜನ್ 56 ಭಾಗಿಸು 28, ಅಂದರೆ 2 ಮೋಲ್. ಹೈಡ್ರೋಜನ್ 9 ಭಾಗಿಸು 2, ಅಂದರೆ 4.5 ಮೋಲ್. ಅಮೋನಿಯಾ ಸದ್ಯಕ್ಕೆ ಸೊನ್ನೆ.

ಇಲ್ಲಿ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸಾಮಾನಿನಲ್ಲಿ ಸಮೀಕರಣವನ್ನು ಎಷ್ಟು ಸುತ್ತು ಓಡಿಸಬಹುದು? ಒಂದು ಸುತ್ತಿಗೆ 1 ಮೋಲ್ ನೈಟ್ರೋಜನ್ ಖರ್ಚು, ಹಾಗಾಗಿ ನೈಟ್ರೋಜನ್ 2 ಸುತ್ತಿಗೆ ಬರುತ್ತದೆ. ಒಂದು ಸುತ್ತಿಗೆ 3 ಮೋಲ್ ಹೈಡ್ರೋಜನ್ ಖರ್ಚು, 4.5ನ್ನು 3ರಿಂದ ಭಾಗಿಸಿದರೆ 1.5 ಸುತ್ತು. ಒಂದೂವರೆ ಸುತ್ತಿಗೆ ಹೈಡ್ರೋಜನ್ ಖಾಲಿ. ಕ್ರಿಯೆ ಅಲ್ಲಿಗೆ ನಿಂತಿತು. ಪುಸ್ತಕದಲ್ಲಿ ಲಿಮಿಟಿಂಗ್ ರಿಯಾಕ್ಟೆಂಟ್ ಅಂತ ಹೆದರಿಸುತ್ತಾರಲ್ಲ, ಮೊದಲು ಮುಗಿದುಹೋಗುವ ಈ ಸಾಮಾನಿಗೆ ಇಟ್ಟ ಹೆಸರು ಅದು. ಅರ್ಧ ಸುತ್ತು ಹೇಗೆ ಅಂತ ಗಾಬರಿಯಾಗಬೇಡಿ. ಅರ್ಧ ಮೋಲ್ ಅಂದರೂ 3ರ ಮುಂದೆ 23 ಸೊನ್ನೆಯಷ್ಟು ಅಣುಗಳಿವೆ, ಯಾವ ಅಣುವನ್ನೂ ಕತ್ತರಿಸಬೇಕಿಲ್ಲ.

ಸುತ್ತು ಗೊತ್ತಾದ ಮೇಲೆ ಉಳಿದದ್ದು ಬರೀ ಗುಣಾಕಾರ. ನಾನು ಅದನ್ನು ಜಮಾ-ಖರ್ಚಿನ ಪುಸ್ತಕದ ಹಾಗೆ ಮೂರು ಸಾಲಿನಲ್ಲಿ ಬರೆಯುತ್ತೇನೆ:

ನೈಟ್ರೋಜನ್: ಜಮಾ 2, ಖರ್ಚು 1.5, ಬಾಕಿ 0.5 ಮೋಲ್
ಹೈಡ್ರೋಜನ್: ಜಮಾ 4.5, ಖರ್ಚು 4.5, ಬಾಕಿ 0
ಅಮೋನಿಯಾ: 1.5 ಸುತ್ತು, ಸುತ್ತಿಗೆ 2ರಂತೆ 3 ಮೋಲ್

ಈಗ ಗ್ರಾಂಗೆ ವಾಪಸ್ ಬನ್ನಿ. ಅಮೋನಿಯಾ 3 × 17 = 51 ಗ್ರಾಂ. ಬಾಕಿ ನೈಟ್ರೋಜನ್ 0.5 × 28 = 14 ಗ್ರಾಂ. ತಾಳೆ: ಹಾಕಿದ್ದು 56 + 9 = 65. ಸಿಕ್ಕಿದ್ದು 51 + 14 = 65. ಸರಿಹೋಯಿತು.

ಯಾವುದು ಮೊದಲು ಮುಗಿಯುತ್ತದೆ ಅಂತ ಕಣ್ಣಳತೆಯಲ್ಲಿ ಹೇಳಲು ಹೋಗಬೇಡಿ. ತುಂಬಾ ಜನ ಗ್ರಾಂ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆ ಅಂದುಕೊಳ್ಳುತ್ತಾರೆ. ಈ ಲೆಕ್ಕದಲ್ಲಿ ಅದೃಷ್ಟಕ್ಕೆ ಅದು ಸರಿಯಾಗುತ್ತದೆ, 9 ಗ್ರಾಂ ಹೈಡ್ರೋಜನ್ ಮೊದಲು ಮುಗಿಯಿತು. ಇನ್ನೊಂದು ಲೆಕ್ಕ ನೋಡಿ: 28 ಗ್ರಾಂ ನೈಟ್ರೋಜನ್, ಅದೇ 9 ಗ್ರಾಂ ಹೈಡ್ರೋಜನ್. ನೈಟ್ರೋಜನ್ 1 ಸುತ್ತಿಗೆ ಮಾತ್ರ ಬರುತ್ತದೆ, ಹೈಡ್ರೋಜನ್ 1.5 ಸುತ್ತಿಗೆ. ಮೂರು ಪಟ್ಟು ಜಾಸ್ತಿ ತೂಕವಿದ್ದರೂ ನೈಟ್ರೋಜನ್ನೇ ಮೊದಲು ಮುಗಿಯಿತು. ಇನ್ನು ಕೆಲವರು ಮೋಲ್‌ವರೆಗೆ ಸರಿಯಾಗಿ ಬಂದು, ಮೋಲ್ ಕಡಿಮೆ ಇರುವುದನ್ನು ಆರಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ 2 ಮೋಲ್ ನೈಟ್ರೋಜನ್, 4.5 ಮೋಲ್ ಹೈಡ್ರೋಜನ್ ಇತ್ತು. ಹೀಗೆ ಆರಿಸಿದ್ದರೆ ಅಲ್ಲಿ ತಪ್ಪುತ್ತಿತ್ತು. ಸಮೀಕರಣದ ಅಂಕಿಯಿಂದ ಭಾಗಿಸಿ ಸುತ್ತು ಕಂಡುಹಿಡಿಯುವವರೆಗೆ ಯಾರು ಮೊದಲು ಅಂತ ತೀರ್ಮಾನ ಮಾಡಬಾರದು.

"ಗ್ರಾಂನಿಂದ ನೇರವಾಗಿ ಗ್ರಾಂಗೆ ಹೋಗೋ ದಾರಿ ಇಲ್ವಾ" ಅಂತಲೂ ಕೇಳಿದ್ದೀರಿ. ಇದೆ. ಸಮೀಕರಣವನ್ನೇ ಒಮ್ಮೆ ಗ್ರಾಂಗೆ ಬದಲಾಯಿಸಿಕೊಳ್ಳಿ: 28 ಗ್ರಾಂ ನೈಟ್ರೋಜನ್ + 6 ಗ್ರಾಂ ಹೈಡ್ರೋಜನ್ → 34 ಗ್ರಾಂ ಅಮೋನಿಯಾ. ಆಮೇಲೆ ಹಳೇ ತ್ರೈರಾಶಿ. 6 ಗ್ರಾಂ ಹೈಡ್ರೋಜನ್‌ಗೆ 34 ಆದರೆ 9 ಗ್ರಾಂಗೆ ಎಷ್ಟು? 51. ಚರಿತ್ರೆಯಲ್ಲಿ ಈ ಲೆಕ್ಕ ಶುರುವಾದದ್ದೂ ಹೀಗೇ. ಯೆರೆಮಿಯಾಸ್ ರಿಕ್ಟರ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ 1792ರಲ್ಲಿ ಇದಕ್ಕೆ ಸ್ಟಾಯ್ಕಿಯೋಮೆಟ್ರಿ ಅಂತ ಹೆಸರಿಟ್ಟಾಗ ಡಾಲ್ಟನ್ನನ ಪರಮಾಣು ಸಿದ್ಧಾಂತ ಇನ್ನೂ ಬಂದಿರಲಿಲ್ಲ, ಅಣುಗಳ ಎಣಿಕೆಗೆ ದಾರಿ ತೋರಿದ ಅವೊಗಾಡ್ರೋ ಅಂತೂ ದೂರದ ಮಾತು. ಇಷ್ಟು ಆಮ್ಲವನ್ನು ತಟಸ್ಥ ಮಾಡಲು ಇಷ್ಟು ಕ್ಷಾರ ಬೇಕು ಅಂತ ಅವನು ತೂಕದಲ್ಲೇ ಅಳೆಯುತ್ತಿದ್ದ. ದಾರಿ ಸರಿಯಾದದ್ದೇ, ಒಂದೇ ಪದಾರ್ಥ ಕೊಟ್ಟಾಗ ನಾನೂ ಅದನ್ನೇ ಬಳಸುತ್ತೇನೆ. ಆದರೆ ಲೆಕ್ಕದಲ್ಲಿ ದ್ರಾವಣ, ಅನಿಲ ಎಲ್ಲ ಬೆರೆತು ಬಂದಾಗ ತ್ರೈರಾಶಿ ಸಿಕ್ಕಾಗುತ್ತದೆ. ಲೀಟರ್, ಗ್ರಾಂ, ಮೋಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಅನ್ನೋದು) ಮೂರೂ ಒಂದೇ ಭಾಷೆ ಮಾತಾಡೋದು ಮೋಲ್‌ನಲ್ಲಿ ಮಾತ್ರ.

ಅಣುತೂಕದ ವಿಷಯದಲ್ಲಿ ನಾನೇ ಮೂರ್ಖನಾದ ಕಥೆ ಒಂದಿದೆ. ಲ್ಯಾಬ್‌ನಲ್ಲಿ ಹೊಸಬನಾಗಿದ್ದಾಗ 0.1 ಮೋಲಾರ್ ತಾಮ್ರದ ಸಲ್ಫೇಟ್ ದ್ರಾವಣ ಒಂದು ಲೀಟರ್ ಮಾಡಬೇಕಿತ್ತು. ತಾಮ್ರ 63.5, ಗಂಧಕ 32, ನಾಲ್ಕು ಆಕ್ಸಿಜನ್ 64, ಕೂಡಿದರೆ 159.5. ಹತ್ತನೇ ಒಂದು ಭಾಗ, 15.95 ಗ್ರಾಂ. ಜಾಣನ ಹಾಗೆ ಎರಡು ದಶಾಂಶದವರೆಗೆ ತೂಗಿ, ಕರಗಿಸಿ, ಫ್ಲಾಸ್ಕಿನ ಗೆರೆವರೆಗೆ ನೀರು ತುಂಬಿಸಿದೆ. ಆಮೇಲೆ ತಾಮ್ರವನ್ನು ಹಿಡಿದುಕೊಳ್ಳುವ ಈಡಿಟಿಎ ಅನ್ನುವ ರಾಸಾಯನಿಕ ಹಾಕಿ ಟೈಟ್ರೇಟ್ ಮಾಡಿದರೆ, ಅಂದರೆ ಹನಿ ಹನಿಯಾಗಿ ಸೇರಿಸಿ ಎಷ್ಟು ತಾಮ್ರ ಇದೆ ಅಂತ ಅಳೆದರೆ, 0.064 ಬಂತು. ತಕ್ಕಡಿ ಮೇಲೆ ಅನುಮಾನ ಪಟ್ಟೆ. ಬ್ಯೂರೆಟ್ ತೊಳೆದೆ. ಇಂಡಿಕೇಟರ್ ಹೊಸದಾಗಿ ಮಾಡಿದೆ. ಮತ್ತೆ 0.064. ಅರ್ಧ ದಿನ ಹೋಯಿತು. ಕೊನೆಗೆ ಹಿರಿಯರೊಬ್ಬರು ಬಂದು ಬಾಟಲಿ ಎತ್ತಿ ತೋರಿಸಿ "ಇದು ಯಾವ ಬಣ್ಣ?" ಅಂದರು. ನೀಲಿ. ನೀರಿಲ್ಲದ ತಾಮ್ರದ ಸಲ್ಫೇಟ್ ಬಿಳಿ ಪುಡಿ. ನಾನು ತೂಗಿದ್ದು ನೀಲಿ ಹರಳು, ಮೈಲುತುತ್ತ. ಅದರಲ್ಲಿ ಪ್ರತಿ ತಾಮ್ರಕ್ಕೂ ಐದು ನೀರಿನ ಅಣು ಅಂಟಿಕೊಂಡಿರುತ್ತವೆ. ಐದು ನೀರಿಗೆ 90 ಸೇರಿಸಿದರೆ ತೂಕ 249.5. ನನಗೆ ಬೇಕಿದ್ದದ್ದು 24.95 ಗ್ರಾಂ. 15.95ನ್ನು 249.5ರಿಂದ ಭಾಗಿಸಿ ನೋಡಿ, ಸರಿಯಾಗಿ 0.064. ಟೈಟ್ರೇಷನ್ ಮೊದಲ ಸಲವೇ ನಿಜ ಹೇಳಿತ್ತು, ನಾನು ನಂಬಲಿಲ್ಲ. ಅವತ್ತಿನಿಂದ ಅಣುತೂಕವನ್ನು ತಲೆಯಿಂದ ಬರೆಯುವ ಮುಂಚೆ ಬಾಟಲಿಯ ಲೇಬಲ್ ಓದುತ್ತೇನೆ.

ಅನಿಲದ ಲೆಕ್ಕದಲ್ಲಿ ಒಂದೇ ಎಚ್ಚರಿಕೆ. 1 ಮೋಲ್ ಅನಿಲಕ್ಕೆ 22.4 ಲೀಟರ್ ಅಂತ ಬಾಯಿಪಾಠ ಮಾಡಿರುತ್ತೇವೆ. ಅದು 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಮಾತ್ರ. 25 ಡಿಗ್ರಿಗೆ ಅದೇ ಅನಿಲ ಸುಮಾರು 24.5 ಲೀಟರ್ ಆಗುತ್ತದೆ. ಘನ, ದ್ರವಗಳಿಗೆ ಈ ಸಂಖ್ಯೆ ಹಚ್ಚಲೇಬಾರದು. 1 ಮೋಲ್ ನೀರು ಅಂದರೆ 18 ಗ್ರಾಂ, ನಾಲ್ಕು ಚಮಚದ ಆಸುಪಾಸು.

ಗ್ರಾಂ ಲೆಕ್ಕ ಕೈಗೆ ಹತ್ತಿದ ಮೇಲೆ ಕೆಲವು ಉತ್ತರಗಳು ನಿಜಕ್ಕೂ ಬೆಚ್ಚಿಬೀಳಿಸುತ್ತವೆ. ನನಗೆ ಇಷ್ಟವಾದದ್ದು ಪೆಟ್ರೋಲ್. ಅದು ಹಲವು ಪದಾರ್ಥಗಳ ಮಿಶ್ರಣ, ಲೆಕ್ಕಕ್ಕೆ ಆಕ್ಟೇನ್ ಅಂತ ಹಿಡಿಯೋಣ. ಒಂದು ಆಕ್ಟೇನ್ ಅಣುವಿನಲ್ಲಿ 8 ಕಾರ್ಬನ್, 18 ಹೈಡ್ರೋಜನ್, ತೂಕ 114. ಪೂರ್ತಿ ಉರಿದರೆ 8 ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಒಂದೊಂದು 44ರಂತೆ 352. ಅಂದರೆ 114 ಗ್ರಾಂ ಪೆಟ್ರೋಲ್ ಉರಿದು 352 ಗ್ರಾಂ ಕಾರ್ಬನ್ ಡೈಆಕ್ಸೈಡ್! ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗಿದರೆ ಹೊಗೆಕೊಳವೆಯಿಂದ ಹೊರಡುವ ಈ ಅನಿಲ 2 ಕಿಲೋಗೂ ಜಾಸ್ತಿ. ಎಲ್ಲಿಂದ ಬಂತು ಅಷ್ಟು ತೂಕ? ತಾಳೆ ನೋಡಿ. ಹನ್ನೆರಡೂವರೆ ಆಕ್ಸಿಜನ್ ಅಣು ಗಾಳಿಯಿಂದ ಬಂದಿವೆ, ಅವುಗಳ ತೂಕ 400. ಒಳಗೆ 114 + 400 = 514. ಹೊರಗೆ 352, ಜೊತೆಗೆ 9 ನೀರಿನ ಅಣುಗಳ 162, ಒಟ್ಟು 514.

ಕೊನೆಗೆ, ಕಾಗದದ ಮೇಲೆ 51 ಗ್ರಾಂ ಬಂತು ಅಂದರೆ ಪಾತ್ರೆಯಲ್ಲೂ 51 ಸಿಗುತ್ತದೆ ಅಂತಲ್ಲ. ಅದು ಸಿಗಬಹುದಾದ ಗರಿಷ್ಠ ಮೊತ್ತ. 40.8 ಗ್ರಾಂ ಸಿಕ್ಕಿತು ಅನ್ನಿ, ಅದನ್ನು 51ರಿಂದ ಭಾಗಿಸಿದರೆ 80 ಶೇಕಡಾ ಇಳುವರಿ. ಅಮೋನಿಯಾದ ವಿಷಯದಲ್ಲಂತೂ ಕ್ರಿಯೆ ಹಿಂದಕ್ಕೂ ನಡೆಯುತ್ತಿರುತ್ತದೆ. ಕಾರ್ಖಾನೆಗಳಲ್ಲಿ ಕಬ್ಬಿಣದ ವೇಗವರ್ಧಕದ ಮೇಲೆ ಒಂದು ಸಲ ಹಾಯಿಸಿದಾಗ ಸ್ವಲ್ಪ ಭಾಗ ಮಾತ್ರ ಅಮೋನಿಯಾ ಆಗುತ್ತದೆ. ಅದನ್ನು ತಣ್ಣಗೆ ಮಾಡಿ ದ್ರವವಾಗಿ ಬೇರೆ ತೆಗೆದು, ಉಳಿದ ಅನಿಲವನ್ನು ಮತ್ತೆ ಮತ್ತೆ ಒಳಗೆ ಕಳಿಸುತ್ತಾರೆ. ಒಂದು ವೇಳೆ ನಿಮ್ಮ ಇಳುವರಿ 100 ದಾಟಿದರೆ ಖುಷಿಪಡಬೇಡಿ, ಪದಾರ್ಥ ಇನ್ನೂ ಒದ್ದೆಯಾಗಿದೆ ಅಥವಾ ಬೇರೆ ಏನೋ ಬೆರೆತಿದೆ.

ಒಂದು ಲೆಕ್ಕ ನೀವೇ ಮಾಡಿ ನೋಡಿ. 125 ಗ್ರಾಂ ಸುಣ್ಣದಕಲ್ಲು, ಅದರಲ್ಲಿ 80 ಶೇಕಡಾ ಮಾತ್ರ ಕ್ಯಾಲ್ಸಿಯಂ ಕಾರ್ಬೊನೇಟ್, ಉಳಿದದ್ದು ಕಾಯಿಸಿದರೂ ಬದಲಾಗದ ಮಣ್ಣು. ಸುಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟ್ (CaCO₃) ಒಡೆದು ಸುಟ್ಟ ಸುಣ್ಣ (CaO) ಉಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ (CO₂) ಗಾಳಿಗೆ ಹೋಗುತ್ತದೆ. ಪೂರ್ತಿ ಸುಟ್ಟ ಮೇಲೆ ಮೂಸೆಯಲ್ಲಿ ಎಷ್ಟು ಗ್ರಾಂ ಉಳಿಯುತ್ತದೆ? ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ 16 ಅಂತ ಹಿಡಿಯಿರಿ. 56 ಅಂತ ಬರೆದರೆ ಮಣ್ಣನ್ನು ಮರೆತಿದ್ದೀರಿ ಅಂತ ಅರ್ಥ. ಮೂಸೆಯಲ್ಲಿ 81 ಗ್ರಾಂ, ಗಾಳಿಗೆ ಹೋದದ್ದು 44.