ನಾನು ತುಂಬಾ ಸಣ್ಣ, ಬರೀ 43 ಕೆಜಿ. ಮದುವೆಗೆ ಮುಂಚೆ ಎದೆಗೆ ಕೊಬ್ಬು ಹಾಕಿಸಲಾ, ಇಂಪ್ಲಾಂಟ್ ಮಾಡಿಸಲಾ?

ಕೊಬ್ಬು ಹಾಕಿಸಲು ವಿಚಾರಿಸಿದರೆ ಡಾಕ್ಟರ್ "ಐದಾರು ಕೆಜಿ ದಪ್ಪ ಆಗಿ ಬನ್ನಿ, ಆಮೇಲೆ ಮಾಡೋಣ ಅಂದರು" ಎಂದು ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನನಗೂ ಇದೇ ಮಾತು ಹೇಳಿದ್ದರು. ನೀವು ಚಿಕ್ಕಮಗಳೂರು, ನಾನು ಹಾಸನ. ನಿಮ್ಮ ಹಾಗೇ ಐದು ಅಡಿ ಎರಡು ಇಂಚು, 43 ಕೆಜಿ. ನಿಮಗೆ ಮಾಘದಲ್ಲಿ ಮದುವೆ, ನನಗಾಗ ಗಂಡು ನೋಡುತ್ತಿದ್ದರು. ಅಷ್ಟೇ ವ್ಯತ್ಯಾಸ.

ಕಾಲೇಜಿನಿಂದಲೂ ನನ್ನನ್ನು ಕಡ್ಡಿ ಅಂತಲೇ ಕರೆಯುತ್ತಿದ್ದರು. ಬ್ಲೌಸ್ ಹೊಲಿಯುವ ಅಕ್ಕ ಕೇಳದೆಯೇ ಕಪ್ ಇಟ್ಟು ಹೊಲಿದುಕೊಡುತ್ತಿದ್ದರು. ಒಂದು ಸಲ ಗಂಡಿನ ಕಡೆಯವರು ಬಂದು ಹೋದ ಮೇಲೆ ಚಿಕ್ಕಮ್ಮ ಅಡುಗೆಮನೆಯಲ್ಲಿ, "ಹುಡುಗಿ ಲಕ್ಷಣವಾಗಿದ್ದಾಳೆ, ಮೈ ಒಂದು ತುಂಬಿಕೊಳ್ಳಬೇಕು" ಅಂದಿದ್ದು ಕಿವಿಗೆ ಬಿತ್ತು. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಕೈಯಲ್ಲಿ ಸ್ವಲ್ಪ ದುಡ್ಡು ನಿಂತಾಗ ನಾನು ಮೊದಲು ವಿಚಾರಿಸಿದ್ದೇ ಇದನ್ನು.

ಇಂಪ್ಲಾಂಟ್, ಅಂದರೆ ಎದೆಯೊಳಗೆ ಸಿಲಿಕೋನ್ ಚೀಲ ಇಡಿಸುವುದು ಅಂದರೆ ಭಯ ಇತ್ತು. ಹೊಟ್ಟೆ, ತೊಡೆಯಿಂದ ಕೊಬ್ಬು ಹೀರಿ ತೆಗೆದು ಎದೆಗೆ ಹಾಕುವುದಾದರೆ ಅದು ನಮ್ಮದೇ ಮೈಯದು, ಹೊರಗಿನ ವಸ್ತು ಏನೂ ಒಳಗೆ ಇರುವುದಿಲ್ಲ, ದೊಡ್ಡ ಗಾಯವೂ ಇಲ್ಲ. ನೀವು ಬರೆದಿರುವುದೂ ಅದನ್ನೇ. ಡಾಕ್ಟರ್ ನನ್ನ ಹೊಟ್ಟೆ, ಸೊಂಟ, ತೊಡೆ ಹಿಡಿದು ನೋಡಿದರು. "ತೆಗೆಯೋಕೆ ಏನೂ ಇಲ್ವಲ್ಲಮ್ಮ" ಅಂದರು. ಆಮೇಲೆ ಆ ಐದಾರು ಕೆಜಿ ಮಾತು.

ನಾನು ಹಟ ಹಿಡಿದು ತಿಂದೆ. ಬೆಳಿಗ್ಗೆ ಹಾಲಿಗೆ ಬಾಳೆಹಣ್ಣು, ಮಧ್ಯಾಹ್ನ ಅನ್ನಕ್ಕೆ ಎರಡು ಚಮಚ ತುಪ್ಪ, ಸಂಜೆ ಬೇಕರಿಯ ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು. ಊರೂರಲ್ಲಿ ಅಯ್ಯಂಗಾರ್ ಬೇಕರಿ ಇಟ್ಟವರಲ್ಲಿ ಬಹಳ ಜನ ನಮ್ಮ ಹಾಸನ ಜಿಲ್ಲೆಯವರೇ, ಹಾಗಾಗಿ ಬೆಂಗಳೂರಿನಲ್ಲೂ ಆ ರುಚಿಗೆ ಕೊರತೆ ಇರಲಿಲ್ಲ. ಹಸಿವಿಲ್ಲದಿದ್ದರೂ ತಿಂದೆ. ತೂಕ 49 ಆಯಿತು. ಅಮ್ಮನಿಗೆ ಖುಷಿಯೋ ಖುಷಿ. ಅವರಿಗೆ ಕಾರಣ ಗೊತ್ತಿರಲಿಲ್ಲ. ಆ ತೂಕದಲ್ಲೇ ಆಪರೇಷನ್ ಮಾಡಿಸಿಕೊಂಡೆ.

ನಾನು ಮಾಡಿದ ತಪ್ಪು ಇದೇ. ಎಲ್ಲರೂ ಇದನ್ನು ಚಿಕ್ಕ ವಿಷಯದ ಹಾಗೆ ಹೇಳುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ದೊಡ್ಡವರಾದ ಮೇಲೆ ನಾವು ದಪ್ಪ ಆದಾಗ ಬಹುಮಟ್ಟಿಗೆ ಆಗುವುದು ಏನೆಂದರೆ, ಇರುವ ಕೊಬ್ಬಿನ ಕಣಗಳೇ ಊದಿಕೊಳ್ಳುತ್ತವೆ. ಸಣ್ಣ ಆದಾಗ ಅವೇ ಕುಗ್ಗುತ್ತವೆ. ಹೊಟ್ಟೆಯಿಂದ, ತೊಡೆಯಿಂದ ತೆಗೆದ ಕಣ ಎದೆಗೆ ಹೋದ ಮೇಲೂ ತನ್ನ ಗುಣ ಬಿಡುವುದಿಲ್ಲ. ನಿಮ್ಮ ತೂಕ ಏರಿದರೆ ಅದೂ ಉಬ್ಬುತ್ತದೆ, ಇಳಿದರೆ ಅದೂ ಇಳಿಯುತ್ತದೆ. 49 ಕೆಜಿ ಇದ್ದಾಗ ತೆಗೆದ ಕಣಗಳು ಊದಿದ್ದವು. ಅವು ಎದೆಯಲ್ಲಿ ಹಾಗೇ ಉಳಿಯಬೇಕಾದರೆ ನಾನು ಜೀವನಪೂರ್ತಿ 49ರಲ್ಲೇ ಇರಬೇಕಿತ್ತು. ನನ್ನ ಮೈ ಯಾವತ್ತೂ 49ರ ಮೈ ಆಗಿರಲಿಲ್ಲ. ಹುಟ್ಟಿನಿಂದ ಸಣ್ಣಗಿರುವವರು ಒತ್ತಾಯ ಮಾಡಿ ತಿಂದು ಏರಿಸಿದ ತೂಕ, ಹಾಗೆ ತಿನ್ನುವುದು ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ನನಗೂ ಹಾಗೇ ಆಯಿತು. ಆಪರೇಷನ್ ಆದ ಮೇಲೆ ಪಿಜಿ ಊಟ, ಹಗಲು ರಾತ್ರಿ ಶಿಫ್ಟ್, ನಡುವೆ ಒಂದು ಜ್ವರ. ತೂಕ 44ಕ್ಕೆ ಬಂದು ನಿಂತಿತು. "ತೂಕ ಏರಿಸಿಕೊಂಡು ಬನ್ನಿ" ಅಂದವರು "ಏರಿಸಿದ್ದನ್ನು ಉಳಿಸಿಕೊಳ್ಳಬೇಕು" ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಒಂದೂವರೆ ಲಕ್ಷ ಉಳಿಯುತ್ತಿತ್ತು.

ಇದರ ಜೊತೆಗೆ ಇನ್ನೊಂದು ಲೆಕ್ಕ ಇದೆ. ಒಂದು ಕಪ್ ಸೈಜ್ ಹೆಚ್ಚಬೇಕೆಂದರೆ ಒಂದೊಂದು ಕಡೆ ಸುಮಾರು 150ರಿಂದ 200 ಸಿಸಿ (ಅಂದರೆ ಮಿಲಿಲೀಟರ್) ಕೊಬ್ಬು ಉಳಿಯಬೇಕು. ಹಾಕಿದ್ದೆಲ್ಲಾ ಉಳಿಯುವುದಿಲ್ಲ. ಒಳ್ಳೆಯ ಕೈಯಲ್ಲಿ ಅರ್ಧದಿಂದ ಮುಕ್ಕಾಲಿನ ಒಳಗೆ ಉಳಿದರೆ ಅದೇ ಹೆಚ್ಚು. ಅಂದರೆ ಒಂದೊಂದು ಕಡೆ 250 ಸಿಸಿಗಿಂತ ಜಾಸ್ತಿ ಹಾಕಬೇಕು. ಹೀರಿ ತೆಗೆದದ್ದರಲ್ಲಿ ಔಷಧದ ನೀರು, ರಕ್ತ, ಎಣ್ಣೆ ಎಲ್ಲಾ ಸೇರಿರುತ್ತದೆ. ಅದನ್ನು ಮೆಷಿನ್‌ನಲ್ಲಿ ತಿರುಗಿಸಿ ಅಥವಾ ಸೋಸಿ ಬೇರೆ ಮಾಡಿದ ಮೇಲೆ ಉಳಿಯುವುದಷ್ಟೇ ಕೆಲಸಕ್ಕೆ ಬರುವ ಕೊಬ್ಬು. ಎರಡೂ ಕಡೆಗೆ ಲೆಕ್ಕ ಹಾಕಿದರೆ ಒಂದು ಲೀಟರ್ ಹತ್ತಿರ ತೆಗೆಯಬೇಕಾಗುತ್ತದೆ. 43 ಕೆಜಿ ಹುಡುಗಿಯ ಮೈಯಲ್ಲಿ ಎಲ್ಲಿಂದ ತರುತ್ತಾರೆ? ನನಗೆ ಹೊಟ್ಟೆ, ಸೊಂಟದ ಎರಡು ಪಕ್ಕ, ತೊಡೆಯ ಒಳಭಾಗ, ಹೊರಭಾಗ, ಎಲ್ಲಾ ಕಡೆ ತೂತು ಮಾಡಿ ತೆಗೆದರು. ಆಮೇಲೆ ಎದೆಗಿಂತ ತೊಡೆಯೇ ಜಾಸ್ತಿ ನೋಯುತ್ತಿತ್ತು. ನೀಲಿ ಕಟ್ಟಿತ್ತು, ಬಿಗಿಯಾದ ಚಡ್ಡಿ ಹಾಕಿಕೊಂಡು ವಾರಗಟ್ಟಲೆ ಓಡಾಡಬೇಕಾಯಿತು.

ತೆಗೆಯುವುದಷ್ಟೇ ಅಲ್ಲ, ಹಾಕುವುದಕ್ಕೂ ಜಾಗ ಬೇಕು. ಹೊಸದಾಗಿ ಹಾಕಿದ ಕೊಬ್ಬಿಗೆ ಮೊದಲು ರಕ್ತನಾಳ ಇರುವುದಿಲ್ಲ. ಸುತ್ತಲಿನ ಮಾಂಸದಿಂದ ಬರುವ ಆಮ್ಲಜನಕದಲ್ಲೇ ಅದು ಬದುಕಬೇಕು. ಭತ್ತದ ಪೈರನ್ನು ಹಿಡಿಹಿಡಿಯಾಗಿ ಒಂದೇ ಕಡೆ ನೆಟ್ಟರೆ ಒಳಗಿನದು ಕೊಳೆಯುವುದಿಲ್ಲವಾ, ಹಾಗೆ. ಅದಕ್ಕೇ ತೆಳ್ಳಗೆ, ಎಳೆಎಳೆಯಾಗಿ, ಬೇರೆ ಬೇರೆ ಪದರದಲ್ಲಿ ಹಾಕಬೇಕು. ನಮ್ಮಂಥವರ ಎದೆಯಲ್ಲಿ ಮಾಂಸ ಕಡಿಮೆ, ಚರ್ಮ ಬಿಗಿ. ಜಾಸ್ತಿ ತುಂಬಿದರೆ ಒಳಗೆ ಒತ್ತಡ ಏರಿ ಕೊಬ್ಬು ಸಾಯುತ್ತದೆ. ಅಂದರೆ ಸಣ್ಣಗಿರುವವರಿಗೆ ಕೊಡಲೂ ಇಲ್ಲ, ತೆಗೆದುಕೊಳ್ಳಲೂ ಜಾಗ ಇಲ್ಲ. ಕ್ಲಿನಿಕ್‌ನವರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ.

ಮೊದಲ ತಿಂಗಳು ನನಗೆ ತುಂಬಾ ಸಂತೋಷ ಆಗಿತ್ತು. ಅದರಲ್ಲಿ ಬಹುಪಾಲು ಬಾವು. ಆರು ತಿಂಗಳ ಹೊತ್ತಿಗೆ, ತೂಕವೂ ಇಳಿದು, ಹಳೆಯ ಬ್ರಾ ಮತ್ತೆ ಸರಿಹೋಯಿತು. ಎಡ ತೊಡೆಯ ಹೊರಗೆ ಒಂದು ತಗ್ಗು ಮಾತ್ರ ಉಳಿಯಿತು. ಅದು ಇವತ್ತಿಗೂ ಇದೆ.

ಆಮೇಲೆ ಮದುವೆ ಆಯಿತು. ಸ್ವಲ್ಪ ಕಾಲದ ಮೇಲೆ ಸ್ನಾನ ಮಾಡುವಾಗ ಬಲ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಹಾಸನದಲ್ಲೇ ಸ್ಕ್ಯಾನಿಂಗ್‌ಗೆ ಹೋದೆ, ಜೊತೆಗೆ ಅತ್ತೆ. "ಮೊದಲು ಏನಾದರೂ ಆಪರೇಷನ್ ಆಗಿದೆಯಾ?" ಎಂದು ಡಾಕ್ಟರ್ ಕೇಳಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾಲಿಗೆ ಒಣಗಿತು. ಆದರೂ ಹೇಳಿಬಿಟ್ಟೆ. ಆ ಡಾಕ್ಟರ್ ಮುಖ ಸಡಿಲವಾಗಿದ್ದು ನನಗೆ ಚೆನ್ನಾಗಿ ನೆನಪಿದೆ. "ಹಾಗಾದರೆ ಇದು ಸತ್ತ ಕೊಬ್ಬಿನ ಎಣ್ಣೆ ಗುಳ್ಳೆ ಇರಬೇಕು, ಆದರೂ ಸೂಜಿ ಹಾಕಿ ನೋಡೋಣ" ಅಂದರು. ಅದೇ ಆಗಿತ್ತು. ರಿಪೋರ್ಟ್ ಬರುವ ತನಕ ನಾನು ನಿದ್ದೆ ಮಾಡಲಿಲ್ಲ. ಅತ್ತೆ ದಾರಿಯಲ್ಲಿ ಏನೂ ಕೇಳಲಿಲ್ಲ. ಮನೆಗೆ ಬಂದು, "ಮೊದಲೇ ಹೇಳಿದ್ದರೆ ನಾನೇನು ಬೈತಿದ್ನಾ" ಅಂದರು, ಅಷ್ಟೇ.

ಈ ಗಂಟಿನ ಭಯದಿಂದಲೇ 1987ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘ ಎದೆಗೆ ಕೊಬ್ಬು ಹಾಕುವುದೇ ಬೇಡ ಎಂದಿತ್ತು. ಸತ್ತ ಕೊಬ್ಬು ಗಂಟಾಗಿ, ಸುಣ್ಣಗಟ್ಟಿ, ಕ್ಯಾನ್ಸರ್ ಪತ್ತೆಗೆ ಅಡ್ಡ ಬರಬಹುದು ಎಂಬ ಕಾರಣಕ್ಕೆ. ಸ್ಕ್ಯಾನಿಂಗ್ ಸುಧಾರಿಸಿದ ಮೇಲೆ 2009ರಲ್ಲಿ ನಿಲುವು ಬದಲಾಯಿತು. ಈಗ ಇದು ಮಾಡಬಾರದ ಕೆಲಸ ಅಲ್ಲ. ಹೊಟ್ಟೆ, ಸೊಂಟದಲ್ಲಿ ಕೊಬ್ಬಿರುವ, ತೂಕ ಒಂದೇ ಕಡೆ ನಿಂತಿರುವ ಹೆಂಗಸರಿಗೆ, ಅರ್ಧ ಕಪ್ಪೋ ಒಂದು ಕಪ್ಪೋ ಸಾಕು ಅನ್ನುವವರಿಗೆ ಚೆನ್ನಾಗಿಯೇ ಆಗುತ್ತದೆ. ನೀವು ಅವರಲ್ಲ. ನಾನೂ ಅಲ್ಲ.

ಈಗ ನಿಮ್ಮ ಪ್ರಶ್ನೆ. ಕೊಬ್ಬಾ ಇಂಪ್ಲಾಂಟಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮಾಘಕ್ಕೆ ಮುಂಚೆ ಎರಡೂ ಬೇಡ. ಕೊಬ್ಬು ಹಾಕಿಸಿದರೆ ಅದು ನಿಲ್ಲಲು ಮೂರರಿಂದ ಆರು ತಿಂಗಳು ಬೇಕು. ಅಷ್ಟರಲ್ಲಿ ನಿಮ್ಮ ಮದುವೆ ಮುಗಿದಿರುತ್ತದೆ. ಬ್ಲೌಸ್ ಅಳತೆ ಒಂದಾಗಿರುತ್ತದೆ, ಮೈ ಇನ್ನೊಂದಾಗಿರುತ್ತದೆ. ಮದುವೆ ಓಡಾಟದಲ್ಲಿ ಯಾವ ಹುಡುಗಿಯ ತೂಕ ಇಳಿಯದೆ ಇರುತ್ತೆ ಹೇಳಿ. ಇಂಪ್ಲಾಂಟ್ ಸಣ್ಣಗಿರುವವರಿಗೆ ಲೆಕ್ಕದಲ್ಲಿ ಹೊಂದುತ್ತದೆ ನಿಜ, ಕೊಬ್ಬು ಹುಡುಕಬೇಕಾಗಿಲ್ಲ. ಆದರೆ ಚರ್ಮ ತೆಳುವಾಗಿದ್ದರೆ ಅಂಚು ಕಾಣಬಹುದು. ಅದು ಜೀವನಪೂರ್ತಿ ಬರುವ ವಸ್ತುವೂ ಅಲ್ಲ, ಮುಂದೊಂದು ದಿನ ಮತ್ತೆ ಆಪರೇಷನ್ ಬೇಕಾಗಬಹುದು ಎಂದು ತಿಳಿದೇ ಹೋಗಬೇಕು. ಸ್ವಲ್ಪ ಕೊಬ್ಬನ್ನು ಇಂಪ್ಲಾಂಟ್ ಅಂಚಿನ ಮೇಲೆ ಹಾಕಿ ಮುಚ್ಚುವುದೂ ಉಂಟು. ನಮ್ಮಂಥವರಿಗೆ ಕೊಬ್ಬಿನಿಂದ ಹೆಚ್ಚು ಉಪಯೋಗ ಅಲ್ಲೇ ಅಂತ ನನಗೆ ಅನಿಸುತ್ತದೆ. ಇದನ್ನೆಲ್ಲಾ ನಿಧಾನವಾಗಿ ಮಾತಾಡಬೇಕು, ಛತ್ರ ಬುಕ್ ಮಾಡಿದ ಗಡಿಬಿಡಿಯಲ್ಲಿ ಅಲ್ಲ.

ಇನ್ನೊಂದು ಮಾತು. ನಿಮ್ಮ ಎತ್ತರಕ್ಕೆ 43 ಕೆಜಿ ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 17ರ ಆಸುಪಾಸು, ಕನಿಷ್ಠ ಇರಬೇಕಾದ 18.5ಕ್ಕಿಂತ ಕಡಿಮೆ. ಮೊದಲು ಥೈರಾಯಿಡ್, ಹಿಮೋಗ್ಲೋಬಿನ್ ನೋಡಿಸಿ. ಡಾಕ್ಟರ್ ನೋಡಿ ಎಲ್ಲಾ ಸರಿ ಇದೆ ಅಂದರೆ ನೀವು ಸಣ್ಣಗಿರುವುದು ಕಾಯಿಲೆ ಅಲ್ಲ. ನಿಮ್ಮ ಮನೆಯಲ್ಲಿ ಅಜ್ಜಿ, ಸೋದರತ್ತೆ ಹೀಗೇ ಇದ್ದಾರಾ ನೋಡಿ. ಮುಂದೆ ಬಸುರು, ಬಾಣಂತನ ಬಂದಾಗ ಎದೆಯ ಆಕಾರ ಹೇಗೂ ಬದಲಾಗುತ್ತದೆ.

ಇಷ್ಟು ಕೇಳಿಯೂ ಮದುವೆ ಆದ ಮೇಲೆ ಬೇಕು ಅನಿಸಿದರೆ ನಾನು ತಡೆಯುವುದಿಲ್ಲ. ಆಸೆ ತಪ್ಪಲ್ಲ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಎಂಬ ತಜ್ಞ ಪದವಿ ಆದವರ ಹತ್ತಿರ ಮಾತ್ರ ಹೋಗಿ. ಬ್ಯೂಟಿ ಕ್ಲಿನಿಕ್ ಬೋರ್ಡ್ ನೋಡಿ ಹೋಗಬೇಡಿ. ಗೋಡೆಯ ಮೇಲೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ಕರ್ನಾಟಕದ ಕಾಯ್ದೆ) ನೋಂದಣಿ ಪತ್ರ ಇದೆಯಾ, ಅರಿವಳಿಕೆ ಕೊಡುವ ಡಾಕ್ಟರ್ ಯಾರು, ಎರಡನ್ನೂ ಕೇಳಿ. ಆಪರೇಷನ್‌ಗೆ ಮುಂಚೆ ಎದೆಯ ಸ್ಕ್ಯಾನ್ ಮಾಡಿಸಿ ಆ ರಿಪೋರ್ಟ್ ಜೋಪಾನ ಮಾಡಿ. ಎಲ್ಲಿಂದ ತೆಗೆದರು, ಎಷ್ಟು ಸಿಸಿ ಹಾಕಿದರು ಅನ್ನುವ ಚೀಟಿಯನ್ನೂ ಬರೆಸಿಕೊಳ್ಳಿ. ನನಗೆ ಕೊಟ್ಟಿದ್ದು ಬರೀ ಬಿಲ್ಲು. ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ.

ಕ್ಲಿನಿಕ್‌ಗೆ ಅಡ್ವಾನ್ಸ್ ಕೊಟ್ಟಿದ್ದೇನೆ ಅಂದಿದ್ದೀರಿ. ದುಡ್ಡು ಹೋಗುತ್ತದೆ ಅಂತ ಒಪ್ಪಿಕೊಳ್ಳಬೇಡಿ. ರಸೀದಿ ತೆಗೆದುಕೊಂಡು ಈ ವಾರವೇ ಹೋಗಿ ವಾಪಸ್ ಕೇಳಿ. ಪೂರ್ತಿ ಕೊಡದಿದ್ದರೂ ಬಂದಷ್ಟು ತೆಗೆದುಕೊಂಡು ಬನ್ನಿ.