ಮೋಟರ್‌ಗೆ ಅಂಟಿಸಿದ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೊ ಅಲೆಯಿಂದ ಓದುವ ಗುರುತುಚೀಟಿ) ಗುಜರಿಯವರೆಗೂ ಬಾಳುತ್ತದೆಯೇ? ರಿಪೇರಿ ವಿವರವನ್ನೂ ಅದರಲ್ಲೇ ಬರೆಯಬಹುದೇ?

ಬಾಳುತ್ತದೆ, ಟ್ಯಾಗನ್ನೂ ಅದರ ಜಾಗವನ್ನೂ ಸರಿಯಾಗಿ ಆರಿಸಿದರೆ. ಆದರೆ ರಿಪೇರಿ ವಿವರವನ್ನು ಅದರಲ್ಲಿ ಬರೆಯಲು ಹೋಗಬೇಡಿ.

ಕೆಲವು ಮೀಟರ್ ದೂರದಿಂದಲೂ ಓದಬಲ್ಲ ಯುಎಚ್‌ಎಫ್ ಟ್ಯಾಗ್‌ನಲ್ಲಿ ಇಪಿಸಿ ಎಂಬ ಗುರುತಿನ ಸಂಖ್ಯೆಗೆ ಸಾಮಾನ್ಯವಾಗಿ 96 ಬಿಟ್ ಜಾಗ. ಆ ಸಂಖ್ಯೆಯನ್ನು ಬರೆಯುವ ಎಸ್‌ಜಿಟಿಐಎನ್-96 ಎಂಬ ಪ್ರಮಾಣಿತ ರೂಪದಲ್ಲಿ 44 ಬಿಟ್ ಕಂಪನಿ ಮತ್ತು ಮಾದರಿಗೆ, 38 ಬಿಟ್ ಕ್ರಮಸಂಖ್ಯೆಗೆ. ಒಂದೇ ಮಾದರಿಗೆ 27 ಸಾವಿರ ಕೋಟಿಗೂ ಮಿಕ್ಕಿದ ಸಂಖ್ಯೆಗಳು ಸಿಗುತ್ತವೆ. ಗುರುತಿಗೆ ಅಷ್ಟು ಧಾರಾಳ. ಬೇರೆ ಮಾಹಿತಿಗೆ ಹಲವು ಚಿಪ್‌ಗಳಲ್ಲಿ ಜಾಗವೇ ಇಲ್ಲ. ಇದ್ದರೂ ಓದುವುದಕ್ಕಿಂತ ಬರೆಯುವುದಕ್ಕೆ ಹೆಚ್ಚು ಶಕ್ತಿ ಬೇಕು, ರೀಡರ್ ಯಂತ್ರವನ್ನು ತೀರಾ ಹತ್ತಿರ ಹಿಡಿಯಬೇಕು. ಟ್ಯಾಗ್ ಒಡೆದರೆ ಚರಿತ್ರೆಯೂ ಹೋಯಿತು. ಪ್ರತಿ ಸಲ ಓದಿದಾಗಲೂ ಯಾವ ಮೋಟರ್, ಎಲ್ಲಿ, ಯಾವಾಗ, ಯಾವ ಕೆಲಸಕ್ಕೆ ಎಂಬುದನ್ನು ಡೇಟಾಬೇಸ್‌ನಲ್ಲೇ ದಾಖಲಿಸಿ.

ಯೋಜನೆಗಳು ಹೆಚ್ಚಾಗಿ ಎಡವುವುದು ಲೋಹದಲ್ಲಿ. ಕಾಗದದ ಸ್ಟಿಕ್ಕರ್ ಟ್ಯಾಗನ್ನು ಲೋಹದ ಮೇಲೆ ನೇರ ಅಂಟಿಸಿದರೆ ಆಂಟೆನಾದ ಟ್ಯೂನಿಂಗ್ ಕೆಡುತ್ತದೆ. ಲೋಹದಿಂದ ಮರಳುವ ಅಲೆ ಬರುವ ಅಲೆಯನ್ನು ಅಲ್ಲೇ ಅಳಿಸಿಹಾಕುತ್ತದೆ. ಲೋಹಕ್ಕೆಂದೇ ಮಾಡಿದ, ಗಟ್ಟಿ ಕವಚದ ಟ್ಯಾಗ್ ಕೊಳ್ಳಿ, ಎಪಾಕ್ಸಿ ಅಥವಾ ರಿವೆಟ್‌ನಿಂದ ಕೂರಿಸಿ. ಇಂಥವು ಎಷ್ಟೋ ಒಂದೇ ರೇಡಿಯೊ ಆವರ್ತನ ಪಟ್ಟಿಗೆ ಟ್ಯೂನ್ ಆಗಿರುತ್ತವೆ: 865–868 ಅಥವಾ 902–928 ಮೆಗಾಹರ್ಟ್ಸ್. ಮೋಟರ್ ದೇಶ ದಾಟುವುದಾದರೆ ಎರಡರಲ್ಲೂ ಓದುತ್ತದೆಯೇ ಎಂದು ಪರೀಕ್ಷಿಸಿಯೇ ಕೊಳ್ಳಿ.

ಜಾಗ ಮೋಟರ್‌ನ ಮುಖ್ಯ ಚೌಕಟ್ಟಿನ ಮೇಲಿರಲಿ. ಫ್ಯಾನ್ ಮುಚ್ಚಳಕ್ಕೆ ಹಾಕಿದರೆ ರಿಪೇರಿಯಲ್ಲಿ ಮುಚ್ಚಳ ಅದಲುಬದಲಾಗಿ ಒಂದರ ಚರಿತ್ರೆ ಇನ್ನೊಂದಕ್ಕೆ ಅಂಟುತ್ತದೆ. ಪೇಂಟ್ ಓವನ್ ದಾಟಿದ ಮೇಲೆಯೇ ಕೂರಿಸಿ. ಸಾಧಾರಣ ಟ್ಯಾಗ್‌ಗಳು ಆ ಬಿಸಿ ತಾಳಲಾರವು.

ಇಪಿಸಿ ಬರೆದೊಡನೆ ಓದಿ ನೋಡಿ, ಚಿಪ್‌ನ ಟಿಐಡಿಯನ್ನು (ತಯಾರಕರೇ ಹಾಕಿದ ಚಿಪ್ ಸಂಖ್ಯೆ) ಮೋಟರ್‌ನ ಕ್ರಮಸಂಖ್ಯೆಗೆ ಡೇಟಾಬೇಸ್‌ನಲ್ಲಿ ಜೋಡಿಸಿ, ಆಮೇಲೆ ಲಾಕ್ ಮಾಡಿ. ಟ್ಯಾಗನ್ನು ಶಾಶ್ವತವಾಗಿ ನಿಲ್ಲಿಸುವ ಕಿಲ್ ಪಾಸ್‌ವರ್ಡ್ ಅನ್ನು ಖಾಲಿ ಬಿಟ್ಟು ಲಾಕ್ ಮಾಡದಿದ್ದರೆ ಬೇರೆಯವರು ತಮ್ಮದನ್ನು ಬರೆದು ಟ್ಯಾಗನ್ನೇ ಸಾಯಿಸಬಹುದು. ಮಾರಾಟದ ಹೊತ್ತಿಗೆ ನೀವೇ ಕಿಲ್ ಮಾಡಿದರೂ ಸರ್ವಿಸ್, ಮರುಬಳಕೆ ಎರಡೂ ಕುರುಡಾಗುತ್ತವೆ.

ಗೋದಾಮಿನ ಬಾಗಿಲಲ್ಲಿ ಓದದಿರುವುದಕ್ಕಿಂತ ಅತಿಯಾಗಿ ಓದುವುದೇ ದೊಡ್ಡ ತೊಂದರೆ: ಪಕ್ಕದಲ್ಲಿ ಪೇರಿಸಿಟ್ಟ ಮೋಟರ್‌ಗಳೂ ‘ರವಾನೆಯಾಯಿತು’ ಎಂದು ದಾಖಲಾಗುತ್ತವೆ. ರೀಡರ್‌ನ ಪವರ್ ತಗ್ಗಿಸಿ, ದುರ್ಬಲ ಸಿಗ್ನಲ್‌ಗಳನ್ನು ಸೋಸಿ, ಸೆನ್ಸರ್ ಚಲನೆ ತೋರಿಸಿದಾಗ ಮಾತ್ರ ಓದಿಸಿ.

ನೇಮ್‌ಪ್ಲೇಟ್‌ನಲ್ಲೂ ಅದೇ ಸಂಖ್ಯೆಯನ್ನು ಕೆತ್ತಿಸಿ. ಟ್ಯಾಗ್ ಸತ್ತರೆ ಮೆಕ್ಯಾನಿಕ್ ಅದನ್ನು ನೋಡಿ ಹೊಸ ಟ್ಯಾಗ್‌ಗೆ ಬರೆದು, ಹಳೆಯ ಟಿಐಡಿ ರದ್ದುಮಾಡಿ ಹೊಸದನ್ನು ಸೇರಿಸಿದರೆ ಸಾಕು, ದಾಖಲೆಯ ಎಳೆ ತುಂಡಾಗುವುದಿಲ್ಲ.