ಗೆಡ್ಡೆ-ಗೆಣಸು ಅಂದರೆ ಬರೀ ಪಿಷ್ಟ ಅಲ್ವಾ? ಅದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?

ನೀವು ಎಂಎಸ್ಸಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೀರಿ. ಗೈಡ್ ಗೆಡ್ಡೆ ಬೆಳೆಗಳನ್ನು ತಗೊಳ್ಳಿ ಅಂದಿದ್ದಾರೆ, ನಿಮಗೆ ಮನಸ್ಸಿಲ್ಲ. ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವವನು, ಅದಕ್ಕೆ ಉತ್ತರಿಸುತ್ತಿದ್ದೇನೆ. ದಯವಿಟ್ಟು ಬೇಡ ಅನ್ನಬೇಡಿ.

ಪೌಷ್ಟಿಕಾಂಶದ ಪಟ್ಟಿ ತೆರೆದರೆ ಗೆಡ್ಡೆಗಳ ಮುಂದೆ ಪಿಷ್ಟವೇ ಜಾಸ್ತಿ ಕಾಣುತ್ತದೆ, ನಿಜ. ಆದರೆ ಅದು ಹೆಚ್ಚಾಗಿ ಹಸಿ ಗೆಡ್ಡೆಯ ಲೆಕ್ಕ. ಸಿಪ್ಪೆ ತೆಗೆದು, ನೆನೆಸಿ, ಬೇಯಿಸಿ, ತಣಿಸಿದ ಮೇಲೆ ಮೈಗೆ ಸೇರುವುದೇ ಬೇರೆ. ನಮ್ಮ ಕೆಲಸವೆಲ್ಲ ಇರುವುದು ಈ ನಡುವಿನ ದಾರಿಯಲ್ಲಿ.

ಮರಗೆಣಸನ್ನೇ ನೋಡಿ. ಅದರಲ್ಲಿ ಲಿನಮರಿನ್ ಅನ್ನುವ ವಸ್ತುವಿದೆ. ಗೆಡ್ಡೆ ಜಜ್ಜಿದಾಗ ಅದು ಒಡೆದು ಸಯನೈಡ್ ಹೊರಬರುತ್ತದೆ. ಕಹಿ ತಳಿಗಳಲ್ಲಿ ಇದು ಜಾಸ್ತಿ, ಬರಗಾಲದಲ್ಲಿ ಇನ್ನೂ ಜಾಸ್ತಿ. ಆಫ್ರಿಕಾದಲ್ಲಿ ಕೋಟ್ಯಂತರ ಜನರ ದಿನದ ಊಟ ಇದು. ಬರ ಬಂದಾಗ ಹಸಿವು ತಾಳದೆ ಜನ ಈ ವಿಷ ಕಳೆಯಲು ನೆನೆಸುವ, ಹುಳಿ ಬರಿಸುವ ದಿನಗಳನ್ನು ಕಡಿಮೆ ಮಾಡುತ್ತಾರೆ. ಆಗ ಬರುವ ಕಾಯಿಲೆಯೇ ಕೊಂಜೊ. ಎರಡೂ ಕಾಲು ಇದ್ದಕ್ಕಿದ್ದಂತೆ ಸೆಟೆದು ಶಕ್ತಿ ಕಳೆದುಕೊಳ್ಳುತ್ತವೆ, ಮತ್ತೆ ಸರಿಹೋಗುವುದಿಲ್ಲ. ಹೆಚ್ಚಾಗಿ ಮಕ್ಕಳಿಗೆ, ಹೆರುವ ವಯಸ್ಸಿನ ಹೆಂಗಸರಿಗೆ. 1981ರಲ್ಲಿ ಮೊಜಾಂಬಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಹೀಗಾಯಿತು.

ಇಲ್ಲಿ ಪೌಷ್ಟಿಕತೆಯ ಮಾತೂ ಇದೆ. ಸಯನೈಡನ್ನು ನಿರುಪದ್ರವ ಮಾಡಲು ದೇಹಕ್ಕೆ ಗಂಧಕವಿರುವ ಅಮೈನೋ ಆಮ್ಲಗಳು ಬೇಕು. ಅವು ಸಿಗುವುದು ಬೇಳೆ, ಮೊಟ್ಟೆ, ಮೀನಿನಂಥ ಪ್ರೋಟೀನ್‌ನಿಂದ. ಬರೀ ಮರಗೆಣಸು ತಿನ್ನುವವರಿಗೆ ಅದೇ ಇರುವುದಿಲ್ಲ. ವಿಷ ಒಂದು ಕಡೆ, ಮದ್ದಿನ ಕೊರತೆ ಇನ್ನೊಂದು ಕಡೆ.

ಆಸ್ಟ್ರೇಲಿಯಾದ ವಿಜ್ಞಾನಿ ಹೊವರ್ಡ್ ಬ್ರಾಡ್‌ಬರಿ ಇದಕ್ಕೊಂದು ಸುಲಭ ದಾರಿ ಕಂಡುಕೊಂಡರು. ಮರಗೆಣಸಿನ ಹಿಟ್ಟಿಗೆ ನೀರು ಕಲಸಿ, ತೆಳ್ಳಗೆ ಹರಡಿ, 2 ಗಂಟೆ ಬಿಸಿಲಲ್ಲಿ ಅಥವಾ 5 ಗಂಟೆ ನೆರಳಲ್ಲಿ ಬಿಡುವುದು. ಸಯನೈಡ್ ಅನಿಲವಾಗಿ ಹಾರಿಹೋಗುತ್ತದೆ. ಅಷ್ಟೇ! ಯಂತ್ರ ಬೇಡ, ದುಡ್ಡು ಬೇಡ. ಆಹಾರ ವಿಜ್ಞಾನ ಅಂದರೆ ನನಗೆ ಇದು. (ನಮ್ಮಲ್ಲಿ ಮಾರುವ ಮರಗೆಣಸು ಸಾಮಾನ್ಯವಾಗಿ ಸಿಹಿ ತಳಿ. ಆದರೂ ಸಿಪ್ಪೆ ತೆಗೆದು, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ.)

ಸಿಹಿಗೆಣಸಿನದು ಇನ್ನೊಂದು ಕಥೆ. ಒಳಗೆ ಕಿತ್ತಳೆ ಬಣ್ಣವಿರುವ ಗೆಣಸಿನಲ್ಲಿ ಬೀಟಾ ಕ್ಯಾರೊಟಿನ್ ಇದೆ, ದೇಹ ಅದನ್ನು ಎ ವಿಟಮಿನ್ ಮಾಡಿಕೊಳ್ಳುತ್ತದೆ. ಇದನ್ನು ಆಫ್ರಿಕಾದ ಹೊಲಗಳಿಗೆ ತಲುಪಿಸಿದ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರಿಗೆ, ಬೆಳೆಯಲ್ಲೇ ಪೋಷಕಾಂಶ ಹೆಚ್ಚಿಸುವ ಕೆಲಸಕ್ಕಾಗಿ ಹೊವಾರ್ತ್ ಬೂಯಿಸ್ ಅವರ ಜೊತೆ, 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ನಮ್ಮ ದೇಶದಲ್ಲೂ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರ 'ಭೂ ಸೋನಾ' ತಳಿ ಇದೆ. ಅದರ 100 ಗ್ರಾಂನಲ್ಲಿ ಸುಮಾರು 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್. ಜೊತೆಗೆ ಸ್ವಲ್ಪ ಎಣ್ಣೆಯೋ ತುಪ್ಪವೋ ಇದ್ದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ನಮ್ಮ ಪಲ್ಯದ ಒಗ್ಗರಣೆ ಸುಮ್ನೆ ರುಚಿಗೆ ಮಾತ್ರ ಅಲ್ಲ.

ಇನ್ನು ಪಿಷ್ಟಕ್ಕೇ ಬರೋಣ. ಗೆಣಸಿನೊಳಗೆ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುವ ಕಿಣ್ವವೊಂದಿದೆ. ಕೆಂಡದಲ್ಲಿ ನಿಧಾನವಾಗಿ ಬಿಸಿಯಾದರೆ ಅದಕ್ಕೆ ಕೆಲಸ ಮಾಡಲು ಹೊತ್ತು ಸಿಗುತ್ತದೆ. ಸುಟ್ಟ ಗೆಣಸು ಅಷ್ಟು ಸಿಹಿಯಾಗುವುದು ಅದಕ್ಕೇ. ಜಮೈಕಾದ 10 ತಳಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೀರಲ್ಲಿ ಬೇಯಿಸಿದ ಗೆಣಸಿನ ಗ್ಲೈಸೆಮಿಕ್ ಸೂಚ್ಯಂಕ (ತಿಂದ ಮೇಲೆ ರಕ್ತದಲ್ಲಿ ಸಕ್ಕರೆ ಎಷ್ಟು ಏರುತ್ತದೆ ಅನ್ನುವ ಅಳತೆ) 41ರಿಂದ 50, ಸುಟ್ಟದ್ದರದು 79ರಿಂದ 93! ಒಂದೇ ಗೆಣಸು, ಒಂದೇ ಪಿಷ್ಟ. ಶುಗರ್ ಇರುವವರು ಮನೆಮನೆಯಲ್ಲೂ ಇರುವ ನಮ್ಮ ಊರಲ್ಲಿ ಇದು ಸಣ್ಣ ವಿಷಯವೇ? ಬೇಯಿಸಿ ತಣಿಸಿದರೆ ಪಿಷ್ಟದ ಒಂದು ಭಾಗ ಮತ್ತೆ ಗಟ್ಟಿಯಾಗಿ, ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ನಾರಿನಂತೆ ಮುಂದೆ ಹೋಗುತ್ತದೆ.

ನಿಮ್ಮ ಪ್ರಾಜೆಕ್ಟಿಗೆ ಇಲ್ಲಿಂದಲೇ ಶುರು ಮಾಡಿ. ಸಂಕ್ರಾಂತಿ ಹೊತ್ತಿಗೆ ಕೆ.ಆರ್. ಮಾರ್ಕೆಟ್‌ನಲ್ಲಿ ಗೆಣಸು ರಾಶಿ ಬೀಳುತ್ತದೆ. ಒಂದೇ ಮೂಟೆಯದನ್ನು ಬೇಯಿಸಿ, ಸುಟ್ಟು, ಬೇಯಿಸಿ ತಣಿಸಿ, ಮಾಲ್ಟೋಸ್ ಮತ್ತು ಜೀರ್ಣವಾಗದ ಪಿಷ್ಟ ಎರಡನ್ನೂ ಅಳೆಯಿರಿ. ತಳಿ ಯಾವುದು, ಕಿತ್ತು ಎಷ್ಟು ದಿನವಾಯಿತು ಅಂತ ಮಾರುವವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇಟ್ಟಷ್ಟೂ ಗೆಣಸಿನಲ್ಲಿ ಸಕ್ಕರೆ ಏರುತ್ತದೆ. ಅದು ಗೊತ್ತಿಲ್ಲದಿದ್ದರೆ ನಿಮ್ಮ ಅಂಕಿಗಳನ್ನು ಯಾವುದಕ್ಕೂ ಹೋಲಿಸಲು ಆಗುವುದಿಲ್ಲ.